ಸ್ಟಾರ್ಟ್ ಬಟನ್ ಕಳುವಾದ ಪ್ರಕರಣ

"ನಮ್ಮ ಮಕ್ಕಳ ಭವಿಷ್ಯ ಕಳುವಾಗೈತ್ರಿ!"

ಹೈದರಾಬಾದಿನ ಕಾಚಿಗೂಡದ ನಮ್ಮ ಕನ್ನಡ ಶಾಲೆಯ ಆಫೀಸಿನಲ್ಲಿ ನಿಂತು ಶಾಂತಪ್ಪ ಹೀಗೆ ಗರ್ಜಿಸಿದಾಗ ನಾನು ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಕಳುವಾದದ್ದು ಏನು ಗೊತ್ತೇ? ಕಂಪ್ಯೂಟರ್ ಪರದೆಯ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್.

ಶಾಂತಪ್ಪ ಬೀದರ್ ಕಡೆಯವರು. ಸ್ಟೀಲ್ ಪಾತ್ರೆಗಳ ಅಂಗಡಿ. ಮಗಳು ರೇಖಾ ನಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸು. ಕಂಪ್ಯೂಟರ್ ಟೀಚರ್ ಬೇರಾರೂ ಅಲ್ಲ, ನಮ್ಮ ಮನೆಯಲ್ಲೇ ಇರುವ ನನ್ನ ತಂಗಿ ಸುಮಂಗಲಾ. ನಾನು ಶಾಲೆಯ ಕಮಿಟಿ ಮೆಂಬರ್. (ಪೇಪರಿಗೆ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಮೂಢನಂಬಿಕೆ ಹೈದರಾಬಾದಿನ ಕನ್ನಡಿಗರಲ್ಲಿ ಇನ್ನೂ ಉಳಿದಿದೆ. ಅದನ್ನು ಕೆಡಿಸಲು ನಾನು ಹೋಗಿಲ್ಲ.)

ನಮ್ಮ ಲ್ಯಾಬಿನಲ್ಲಿರುವುದು ಯಾವುದೋ ಆಫೀಸಿನವರು ಬೇಡವೆಂದು ದಾನ ಕೊಟ್ಟ ಕಂಪ್ಯೂಟರುಗಳು. ಒಳಗೆ ತುಂಬಿದ್ದು ಯಾರೋ ತಂದ ನಕಲಿ ಸಿ.ಡಿ.ಯ ವಿಂಡೋಸ್. ವೈರಸ್ ಬಡಿದು ಸದಾ ಮಲಗಿರುತ್ತಿದ್ದವು. ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ದರ್ಶನ ಮಾಡಿಕೊಂಡು ಬರುತ್ತಿದ್ದರು.

ಸುಮಂಗಲಾಗೆ ಸಾಕಾಯಿತು. ಬೇಸಿಗೆ ರಜೆಯಲ್ಲಿ ಕೂತು, ವಿಂಡೋಸ್ ಕಿತ್ತು, ಎಲ್ಲವಕ್ಕೂ ಲಿನಕ್ಸ್ ಹಾಕಿದಳು. ಓಪನ್ ಸೋರ್ಸ್. ಯಾರು ಬೇಕಾದರೂ ಬಳಸಬಹುದು, ಒಳಗೇನಿದೆಯೆಂದು ಬಿಚ್ಚಿ ನೋಡಬಹುದು, ಬೇಕಾದ ಹಾಗೆ ಬದಲಿಸಬಹುದು, ಪಕ್ಕದವರಿಗೂ ಕೊಡಬಹುದು. ಮಲಗಿದ್ದ ಕಂಪ್ಯೂಟರುಗಳು ಎದ್ದು ಕೂತವು.

ಎದ್ದು ಕೂತರೆ ಸಾಕೇ? ಇಡೀ ಊರೇ ಸಾಫ್ಟ್‌ವೇರ್ ನೌಕರಿಗಾಗಿ ಹೈಟೆಕ್ ಸಿಟಿಯ ಕಡೆ ಮುಖ ಮಾಡಿ ನಿಂತಿರುವ ಕಾಲವಿದು. ಅಮೀರ್‌ಪೇಟೆಯಲ್ಲಿ ಇಡ್ಲಿ ಹುಡುಕಿದರೂ ಮೊದಲು ಸಿಗುವುದು ಕೋಚಿಂಗ್ ಸೆಂಟರ್. ಅಂಥ ಊರಿನಲ್ಲಿ ರೇಖಾ ಮನೆಗೆ ಹೋಗಿ, "ಅಪ್ಪಾ, ನಮ್ಮ ಲ್ಯಾಬಿನ್ಯಾಗ ಈಗ ಸ್ಟಾರ್ಟ್ ಬಟನ್ ಇಲ್ಲ" ಎಂದುಬಿಟ್ಟಳು. ಮರುದಿನವೇ ಶಾಂತಪ್ಪ ಒಂದು ದಂಡು ಪಾಲಕರನ್ನು ಕಟ್ಟಿಕೊಂಡು ಬಂದರು.

"ಪುಕ್ಕಟೆ ಸಿಗತೈತಂತಲ್ರಿ ಇದು?"

"ಹೌದ್ರಿ," ಎಂದಳು ಸುಮಂಗಲಾ.

"ಚಲೋ ಮಾಲು ಯಾರರ ಪುಕ್ಕಟೆ ಕೊಡ್ತಾರೇನ್ರಿ? ನಾ ಅಂಗಡ್ಯಾಗ ಪುಕ್ಕಟೆ ಕೊಡೋದು ಚಮಚ. ಕುಕ್ಕರ್ ಕೊಡ್ತೀನೇನು?"

ಮೊದಲಿದ್ದದ್ದೂ ಪುಕ್ಕಟೆಯೇ ಅಲ್ಲವೇ, ಕದ್ದ ಮಾಲು, ಎಂದು ನಾನು ಮೆಲ್ಲಗೆ ನೆನಪಿಸಿದೆ.

"ಅದ ನೋಡ್ರಿ! ಕದ್ದಾರಂದ್ರ ಕಿಮ್ಮತ್ತಿನ ಮಾಲು ಅಂತನ ಅರ್ಥ. ಕಸಾ ಯಾರ ಕದೀತಾರ?"

ನಾನು ಮತ್ತೆ ಚಹಾದ ಕಪ್ಪಿಗೆ ಬಾಯಿ ಹಚ್ಚಿದೆ.

"ನಾಳೆ ಗಂಡಿನ ಕಡಿಯವ್ರು ಬಂದು, ಹುಡಗಿಗೆ ವಿಂಡೋಸ್ ಬರತೈತೇನು ಅಂತ ಕೇಳಿದ್ರ ನಾ ಏನ್ ಹೇಳ್ಲಿ?" ಎಂದರು ಶಾಂತಪ್ಪ. (ಹುಡುಗಿ ಒಂಬತ್ತನೇ ಕ್ಲಾಸು ಎಂದು ಹೇಳಿದೆನಲ್ಲ?)

ಸುಮಂಗಲಾ ಎಲ್ಲರನ್ನೂ ಲ್ಯಾಬಿಗೆ ಕರೆದೊಯ್ದಳು. ಹಳೆಯದರಲ್ಲಿ ಕನ್ನಡವೆಂದರೆ ಪರದೆಯ ತುಂಬ ಬರೀ ಚೌಕ ಡಬ್ಬಿಗಳು. ಈಗ ರೇಖಾ ತನ್ನ ಅಪ್ಪನ ಅಂಗಡಿಯ ಬಗ್ಗೆ ಒಂದಿಡೀ ಪುಟ ಕನ್ನಡದಲ್ಲಿ ಟೈಪ್ ಮಾಡಿದ್ದಳು. ಶಾಂತಪ್ಪ ಬಗ್ಗಿ ನೋಡಿದರು. ಅವರ ಕಣ್ಣು ಒದ್ದೆಯಾಗುತ್ತದೆಂದು ನಾನು ಕಾದೆ.

"ಕನ್ನಡ ಬರಿಯಾಕ ಪಾಟಿ ಸಾಲದೇನು? ಇದಕ್ಕ ಕರೆಂಟ್ ಯಾಕ ಸುಡಬೇಕು?"

ರೇಖಾ ತಲೆ ತಗ್ಗಿಸಿದಳು.

ಸೆಕ್ರೆಟರಿ ಕುಲಕರ್ಣಿಯವರು ನಿವೃತ್ತ ಅಧಿಕಾರಿ. ಜಗಳವೆಂದರೆ ಅವರಿಗೆ ಬಿ.ಪಿ. ಏರುತ್ತದೆ. "ಮೊದಲಿದ್ದಂಗ ಮಾಡಿಬಿಡ್ರಿ ಸುಮಂಗಲಾ. ಇರೋ ನಾಕು ಮಕ್ಕಳನ್ನೂ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರ ಸಾಲಿ ಬಾಗಲಾ ಹಾಕಬೇಕಾಗ್ತದ" ಎಂದು ತೀರ್ಪು ಕೊಟ್ಟರು. ಅವರ ಭಯ ಸುಳ್ಳೇನಲ್ಲ.

ಮನೆಗೆ ಮರಳುವಾಗ ಲಿಂಗಂಪಲ್ಲಿಯ ಲೋಕಲ್ ಟ್ರೇನಿನಲ್ಲಿ ತಂಗಿ ಕಿಟಕಿಯಾಚೆ ನೋಡುತ್ತ ಕೂತಳು. ಕೆಲಸ ಬಿಡುತ್ತಾಳೆ ಎಂದುಕೊಂಡೆ. ಸನತ್‌ನಗರ ದಾಟುವಾಗ ಥಟ್ಟನೆ ಕೇಳಿದಳು:

"ಅಣ್ಣಾ, ಅವರಿಗೆ ಬೇಕಾಗಿದ್ದು ಮೊದಲಿನ ಸಾಫ್ಟ್‌ವೇರೋ, ಮೊದಲಿನ ಮುಖಾನೋ?"

ಓಪನ್ ಸೋರ್ಸಿನ ಗುಣವೇ ಅದು. ಮುಖ ಬದಲಿಸಲು ಯಾರ ಅಪ್ಪಣೆಯೂ ಬೇಡ. ಅವಳೂ ಅವಳ ಕ್ಲಾಸಿನ ಮಕ್ಕಳೂ ಸೇರಿ ಪರದೆಗೆ ನೀಲಿ ಆಕಾಶ ಹಾಕಿದರು, ಹಸಿರು ಗುಡ್ಡ ಹಾಕಿದರು, ಎಡಮೂಲೆಯಲ್ಲಿ ಒಂದು ಬಟನ್ ಕೂರಿಸಿ ಅದರ ಮೇಲೆ 'ಸ್ಟಾರ್ಟ್' ಎಂದು ಬರೆದರು. ಒಳಗೆ ಅದೇ ಲಿನಕ್ಸ್.

ಮುಂದಿನ ವಾರ ತಪಾಸಣೆ. ಶಾಂತಪ್ಪ ಖುರ್ಚಿ ಎಳೆದುಕೊಂಡು ಕೂತು ಮೌಸ್ ಹಿಡಿದರು. ಒತ್ತಿದರು. ಮೆನು ಚಿಮ್ಮಿ ಮೇಲೆ ಬಂತು.

"ಹಾಂ! ಅಸಲಿ ಅಂದ್ರ ಇದು ನೋಡ್ರಿ!"

ಚಪ್ಪಾಳೆ. ಪೇಢಾ. ತಪ್ಪು ತಿದ್ದಿಕೊಂಡ ಟೀಚರಿಗೆ ಶಾಲು. ಮಕ್ಕಳೆಲ್ಲ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು.

ಮೊನ್ನೆ ಶಾಂತಪ್ಪನವರ ಫೋನು. ಅಂಗಡಿಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆಯಂತೆ. ಶಾಲೆಯಲ್ಲಿ ಹಾಕಿದ್ದನ್ನೇ ಅದಕ್ಕೂ ಹಾಕಿಕೊಡಬೇಕಂತೆ. ಸುಮಂಗಲಾ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಶಾಂತಪ್ಪನವರ, ಖರೇ ಹೇಳ್ತೀನ್ರಿ. ಅದು ಮೊದಲಿನ ವಿಂಡೋಸ್ ಅಲ್ಲ. ಅದ ಲಿನಕ್ಸ್. ಬರೇ ಮುಖ ಬದಲಿ ಮಾಡೀನಿ."

ನಾನು ಫೋನಿಗೆ ಕಿವಿ ಹಚ್ಚಿದೆ. ಆ ಕಡೆ ಶಾಂತಪ್ಪ ದನಿ ತಗ್ಗಿಸಿದರು.

"ಗೊತ್ತೈತ್ರಿ ಟೀಚರ್. ಅವತ್ತ ಪೇಢಾ ಹಂಚಿದ ದಿನ ಸಂಜೀಕ ರೇಖಾ ಹೇಳಿದ್ಲು. ಚಲೋನ ಐತಿ. ಆದ್ರ ನಾನ ಗದ್ದಲಾ ಮಾಡಿ ತೆಗಸೀನಲ್ಲ... ಉಳಿದ ಮಂದೀಗೆ ಹೇಳಬ್ಯಾಡ್ರಿ."

ಕಮಿಟಿ ಮೆಂಬರ್ ಆದ ತಪ್ಪಿಗೆ ಭಾನುವಾರ ಕುಲಕರ್ಣಿಯವರ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಮ್ಮ ಮೊಮ್ಮಗಳೂ ಅಲ್ಲೇ ಓದ್ತಾಳಲ್ರಿ. ನನಗೂ ಗೊತ್ತದ. ಪಾಲಕರಿಗೂ ಗೊತ್ತದ. ಸುಮ್ಮನಿರ್ರಿ."

ನಮ್ಮೂರಿಗೆ ಓಪನ್ ಸೋರ್ಸ್ ಒಗ್ಗಿದ್ದು ಹೀಗೆ: ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವ ಹಾಗಿಲ್ಲ.