ಸಿದ್ದರಾಮಪ್ಪ ಸಾವಕಾರರ ಕಂಪನಿ

ಕಲಬುರಗಿಯ ಶಹಾಬಜಾರದ ಸಿದ್ದರಾಮಪ್ಪ ಸಾವಕಾರರು ಖಡಕ್ ರೊಟ್ಟಿ ಮುರಿದರೆ ಒಂದು ಚೂರೂ ಕೆಳಗೆ ಬೀಳುತ್ತಿರಲಿಲ್ಲ. ಪ್ರತಿ ಸೋಮವಾರ ಹಣ್ಣಿನ ವ್ಯಾಪಾರಿಗಳ ಸಭೆಗೆ ಮೊದಲು ತಾವೇ ಮುರಿದು ಎಲ್ಲರಿಗೂ ಸಮಪಾಲು ಹಂಚುವರು. "ಹಿಸ್ಸಾ ಅಂದ್ರ ಹಿಸ್ಸಾ" ಎನ್ನುವರು.

ಈ ಪದ್ಧತಿಗೆ ಕಾರಣ ನಾನು. ಆಗ ನಿಜಾಮ ಸರ್ಕಾರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅವರ ಸಭೆಯ ನಡಾವಳಿ ಬರೆದುಕೊಡುತ್ತಿದ್ದೆ. ವ್ಯಾಪಾರಿಗಳೆಲ್ಲ ಕೂಡಿ ಕಂಪನಿ ಕಟ್ಟಿದಾಗ ಸಾವಕಾರರು ಕೇಳಿದರು: "ಮಾಸ್ತರ್, ಕಂಪನಿ ಅಂದ್ರೇನ್ರಿ? ಅರ್ಥ ತಿಳೀದೆ ಹೆಸರ ಇಟ್ಕೊಂಡ್ರ ಹ್ಯಾಂಗ?"

ಅದು ಲ್ಯಾಟಿನ್ ಮೂಲದ ಮಾತು, ಕೂಡಿ ರೊಟ್ಟಿ ತಿನ್ನುವವರು ಎಂದರ್ಥ ಎಂದೆ.

"ಹಂಗಾದ್ರ ರೊಟ್ಟಿ ತಿಂದೇ ಕಂಪನಿ ನಡಸೂಣು!" ಎಂದು ಹಿಗ್ಗಿದರು.

ಕಮಲಾಪುರದ ಶರಣಪ್ಪ ಕಂಪನಿಗೆ ಕೆಂಬಾಳೆ ತರುತ್ತಿದ್ದ. ಒಮ್ಮೆ ಹಣ್ಣು ಪೂರಾ ಮಾಗಿತ್ತು. ಕಂಪನಿಯನ್ನು ಕೇಳದೆ ಹೊರಗಿನವನಿಗೆ ಮಾರಿಬಿಟ್ಟ. ಮುಂದಿನ ಸೋಮವಾರ ಸಾವಕಾರರು ಅವನ ಮುಂದೆ ಬರೀ ತಾಟು ಇಡಿಸಿದರು.

"ಹಣ್ಣ ಕೊಳ್ಯಾಕತ್ತಿದ್ವು, ಸಾವಕಾರ್ರ."

"ಇರಲಿ. ಕುಂದ್ರು, ನಾವು ಉಣ್ಣೂದು ನೋಡು. ಎದ್ದು ಹೋದ್ರ ಕಂಪನಿ ಬಿಟ್ಟಂಗ."

ಕಂಪನಿ ಬಿಟ್ಟರೆ ಅವನ ಹಣ್ಣನ್ನು ಕಲಬುರಗಿಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಆರು ಹೊಟ್ಟೆ. ಕುಳಿತ. ಪ್ರತಿ ವಾರವೂ ಹಿಂದಿನ ದಿನವೇ ಬಂಡಿ ಹೂಡಿ ಬಂದು, ಯುಗಾದಿಯಿಂದ ದೀಪಾವಳಿಯ ತನಕ ಹಾಗೆಯೇ ಕುಳಿತ.

"ಏನೋ ಶರಣಪ್ಪ, ಪುಂಡಿಪಲ್ಯ ರುಚಿ ಆಗ್ಯದಲ್ಲ?" ಎಂದು ಸಾವಕಾರರು ಕೇಳುವರು.

"ಹೌದ್ರಿ."

ಎಲ್ಲರೂ ನಗುತ್ತಿದ್ದರು. ನಾನು 'ಎಲ್ಲರೂ ಹಾಜರು' ಎಂದು ಬರೆದು, ನನ್ನ ಪಾಲು ತಿನ್ನುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಸಾವಕಾರರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಾಯಿ ಸೊಟ್ಟಾಯಿತು; ಗಂಟಲಲ್ಲಿ ಗಂಜಿ ಮಾತ್ರ ಇಳಿಯುತ್ತಿತ್ತು. ಕಂಪನಿಯವರು ಬರುವುದನ್ನು ನಿಲ್ಲಿಸಿದರು. ನಾನು ಮಾತ್ರ ಶುಕ್ರವಾರ ಸಂಜೆ ಐದಕ್ಕೆ ತಪ್ಪದೆ ಹೋಗುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಪ್ರೀತಿಯಿತ್ತು.

ಒಂದು ಶುಕ್ರವಾರ ಶರಣಪ್ಪ ಅವರ ಮಂಚದ ಎದುರು ಕುಳಿತಿದ್ದ. ಪಂಚೆಯ ಗಂಟು ಬಿಚ್ಚಿ ರೊಟ್ಟಿ, ಪಲ್ಯ ಹರಡಿದ್ದ. ಬರೀ ತಾಟೊಂದನ್ನು ಸಾವಕಾರರ ಎದೆಯ ಮೇಲೆ ಇಟ್ಟಿದ್ದ.

"ಸಾವಕಾರ್ರ, ಪುಂಡಿಪಲ್ಯ ರುಚಿ ಆಗ್ಯದಲ್ರಿ?"

ಅವರ ತುಟಿ ಅಲುಗಿತು. ಕಣ್ಣೀರು ಕಿವಿಗೆ ಇಳಿಯಿತು. ಶರಣಪ್ಪ ರೊಟ್ಟಿ ಮುರಿದ. ಚೂರುಗಳು ಹಾಸಿಗೆಯ ತುಂಬ ಬಿದ್ದವು.

"ಬರ್ರಿ ಮಾಸ್ತರ್, ನೀವೂ ಕಂಪನಿಯವ್ರೇ" ಎಂದು ಅರ್ಧ ನನ್ನ ಕೈಗಿತ್ತ.

ಸಾವಕಾರರು ನನ್ನನ್ನೇ ನೋಡುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ. ಕುಳಿತು, ನನ್ನ ಪಾಲು ತಿಂದೆ.