ವಿಮಾನದ ಪದವಿನಲ್ಲಿ ಒಂದು ಶನಿವಾರ

ಮನೆಯ ದೈವಕ್ಕೆ ನಾನು ಕೈಮುಗಿಯುತ್ತೇನೆ, ಅದು ಬೇರೆ ಮಾತು. ಆದರೆ ಅಲ್ಲಿ ಏನೋ ಕಂಡಿತು, ಇಲ್ಲಿ ಏನೋ ಕೇಳಿಸಿತು ಎಂದು ಕಣ್ಣರಳಿಸಿ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮಣಿಪಾಲದ ಆಫೀಸಿನಲ್ಲಿ ಊಟದ ಹೊತ್ತಿಗೆ ಇಂಥ ಮಾತು ತೆಗೆದವರನ್ನು, "ನಿನ್ನೆ ರಾತ್ರಿ ಎಷ್ಟು ತಿಂದಿದ್ದೆ ಮಾರಾಯ್ತಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಇದನ್ನು ಓದಿ ನೀವೂ ನನ್ನನ್ನು ಹಾಗೆಯೇ ಕೇಳಿದರೆ ಬೇಸರವಿಲ್ಲ.

ನಮ್ಮ ಮನೆ ಕಾರ್ಕಳದ ಹತ್ತಿರ, ಕುಕ್ಕುಂದೂರಿನ ಆಚೆ. ಹಿತ್ತಲಿನ ಗುಡ್ಡ ಹತ್ತಿದರೆ ಚಪ್ಪಟೆಯಾದ ಕೆಂಪು ಮುರಕಲ್ಲಿನ ಬಯಲು. ಅಂಥದ್ದಕ್ಕೆ ನಮ್ಮ ಕಡೆ ಪದವು ಎನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ವಿಮಾನ ಇಳಿಯುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಒಂದು ಕಂಪೆನಿಯ ನಾಲ್ಕು ಸೀಟಿನ ಪುಟ್ಟ ವಿಮಾನ. ಶನಿವಾರ ಹನ್ನೊಂದು ಗಂಟೆಗೆ ಬರುತ್ತಿತ್ತು. ಅಪ್ಪ ಅಲ್ಲಿನ ಕಾವಲುಗಾರ. ಕಾವಲುಗಾರ ಎಂತದು, ಇಡೀ ವಿಮಾನ ನಿಲ್ದಾಣವೇ ಅಪ್ಪ. ತಗಡಿನ ಡಬ್ಬ ಬಡಿದು ದನಗಳನ್ನು ಓಡಿಸುವುದು, ಕಂಬಕ್ಕೆ ಬಟ್ಟೆಯ ಗಾಳಿಚೀಲ ಏರಿಸುವುದು, ಹಸಿ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿ ಗಾಳಿ ಯಾವ ಕಡೆಗೆಂದು ತೋರಿಸುವುದು, ಎಲ್ಲ ಅವರೊಬ್ಬರೇ.

ಆಮೇಲೆ ನಾನು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ನೋಡಿದೆ, ಬೊಂಬಾಯಿಯದನ್ನೂ ನೋಡಿದೆ. ವಿಮಾನ ನಿಲ್ದಾಣ ಎಂದರೆ ಈಗಲೂ ನನಗೆ ಜೀವ. ಹೊಳೆಯುವ ನೆಲ, ಹೂವಿನ ಹಾರ ಹಾಕಿಕೊಂಡು ಗಲ್ಫಿಗೆ ಹೊರಟ ಹುಡುಗರು, ಬೇಲಿಗೆ ಮುಖ ಒತ್ತಿ ನಿಂತ ಅವರ ತಾಯಂದಿರು, ಎಲ್ಲವೂ ಚಂದವೇ. ಆದರೂ ಗುಡಿಸಿಟ್ಟ ಆ ಕೆಂಪು ನೆಲದ ಮೇಲೆ, ಕಾಪು ಕಡಲಿನ ದಿಕ್ಕಿನಿಂದ ಒಂದು ಚುಕ್ಕಿಯಾಗಿ ಕಾಣಿಸಿ ದೊಡ್ಡದಾಗುತ್ತಾ ಬರುತ್ತಿದ್ದ ಆ ವಿಮಾನದ ಚಂದ ಬೇರೆ. ಇಳಿದ ಕೂಡಲೇ ಅದರ ಕ್ಯಾಪ್ಟನ್ ನೇರ ಅಪ್ಪನ ಹತ್ತಿರ ಬಂದು ಕೈ ಕುಲುಕುತ್ತಿದ್ದರು. ನಮ್ಮ ಊರಿನಲ್ಲಿ ಅಪ್ಪನ ಕೈ ಕುಲುಕಿದವರು ಬೇರೆ ಯಾರೂ ಇಲ್ಲ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕಂಪೆನಿಯಿಂದ ಕಾಗದ ಬಂತು: ಇನ್ನು ವಿಮಾನ ಬರುವುದಿಲ್ಲ. ಅಪ್ಪನಿಗೆ ಇಂಗ್ಲಿಷ್ ಬಾರದು. ಓದಿ ಹೇಳಿದವಳು ನಾನೇ. ಪದವಿನ ಪೂರ್ವದ ತುದಿಯಲ್ಲಿ ಮುರಕಲ್ಲು ಕಡಿಯುವ ಕೋರೆ ಶುರುವಾಯಿತು. ವಿಮಾನ ಇಳಿಯುತ್ತಿದ್ದ ನೆಲದ ಕಲ್ಲು ಲಾರಿ ಹತ್ತಿ ಶಿರ್ವದ ಕಡೆಗೆ, ಗಲ್ಫಿನವರ ಹೊಸ ಮನೆಗಳ ಗೋಡೆಗೆ ಹೋಗುತ್ತಿತ್ತು. ಅಪ್ಪ ಜಗಲಿಯಲ್ಲಿ ಗೋಡೆ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು. ಡಾಕ್ಟರು ನೋಡಿ, ರೋಗವೇನೂ ಇಲ್ಲ ಎಂದರು. ಅಮ್ಮ ಒಂದು ದಿನ ನನ್ನ ಕೈ ಹಿಡಿದುಕೊಂಡು, "ಗಂಜಿಯನ್ನೂ ಮುಟ್ಟುವುದಿಲ್ಲ ಮಗಾ. ಹೀಗೇ ಆದರೆ ಇವರು ನಮಗೆ ಉಳಿಯುವುದಿಲ್ಲ" ಎಂದು ಅತ್ತಳು.

ಆಗ ನಾನೊಂದು ಕೆಲಸ ಮಾಡಿದೆ. ಆಫೀಸಿನಲ್ಲಿ ನಾನು ಟೈಪಿಸ್ಟ್. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಬರುವ ಶನಿವಾರ ಹನ್ನೊಂದಕ್ಕೆ ವಿಮಾನ ಬರುತ್ತದೆ, ಪದವನ್ನು ಸಿದ್ಧವಾಗಿಡಿ ಎಂದು ಕಂಪೆನಿಯ ಹೆಸರಿನಲ್ಲಿ ಕಾಗದ ಟೈಪ್ ಮಾಡಿ ಅಂಚೆಗೆ ಹಾಕಿದೆ. ಅಮ್ಮನಿಗೂ ಹೇಳಲಿಲ್ಲ. ನಾಲ್ಕು ದಿನ ಅಪ್ಪ ಎದ್ದು ಓಡಾಡಲಿ, ಆಮೇಲೆ ಮೋಡದ ಕಾರಣ ರದ್ದಾಗಿದೆ ಎಂದು ಇನ್ನೊಂದು ಕಾಗದ ಹಾಕಿದರಾಯಿತು ಎಂಬುದು ನನ್ನ ಲೆಕ್ಕ. ಎಂಥ ದಡ್ಡಿ ನೋಡಿ! ಕಾಗದ ಓದಿ ಹೇಳಿದ ದಿನ ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು. ಮರುದಿನ ಗಾಳಿಚೀಲ ಒಗೆದು, ಹರಿದಲ್ಲಿ ತಾವೇ ಹೊಲಿದರು. ಆ ಮುಖ ನೋಡಿದ ಮೇಲೆ ಎರಡನೆಯ ಕಾಗದ ಹಾಕುವ ಧೈರ್ಯ ನನಗೆ ಬರಲಿಲ್ಲ. ಅದು ನನ್ನ ಬ್ಯಾಗಿನಲ್ಲೇ ಉಳಿಯಿತು.

ಶನಿವಾರ ರಜೆ ಹಾಕಿ ನಾನೂ ಅಪ್ಪನ ಜೊತೆ ಗುಡ್ಡ ಹತ್ತಿದೆ. ಹನ್ನೊಂದಾಗಿ ಏನೂ ಬಾರದಿದ್ದಾಗ ಎಲ್ಲ ಹೇಳಿ ಕಾಲು ಹಿಡಿಯುವುದೆಂದು ತೀರ್ಮಾನಿಸಿದ್ದೆ. ಅದನ್ನು ಕೇಳಿ ಅವರು ಮತ್ತೆ ಮಲಗಿದರೆ ಏಳುವುದಿಲ್ಲ ಎಂಬ ಹೆದರಿಕೆಯೂ ಇತ್ತು. ಕೋರೆಯವರಿಗೆ ಅಂದು ರಜೆ. ಅಪ್ಪ ಡಬ್ಬ ಬಡಿದು ದನಗಳನ್ನು ಅಂಚಿಗೆ ಓಡಿಸಿದರು, ಹೊಗೆ ಎಬ್ಬಿಸಿದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. "ಗಾಳಿಯೇ ಇಲ್ಲ ಮಗಾ, ಇಳಿಯಲಿಕ್ಕೆ ಒಳ್ಳೆಯ ದಿನ" ಎಂದರು.

ಹನ್ನೊಂದು ಕಳೆಯಿತು. ಆಕಾಶದಲ್ಲಿ ಒಂದು ಹದ್ದು ಕೂಡ ಇರಲಿಲ್ಲ. ನಾನು "ಅಪ್ಪಾ" ಎಂದು ಬಾಯಿ ತೆರೆದೆ. ಅವರು ಕೈ ಎತ್ತಿ, "ಸುಮ್ಮನಿರು, ಬಂತು" ಎಂದರು.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಸದ್ದೇನೂ ಕೇಳಿಸಲಿಲ್ಲ. ಆದರೆ ಮೇಯುತ್ತಿದ್ದ ದನಗಳೆಲ್ಲ ಒಮ್ಮೆಗೇ ತಲೆ ಎತ್ತಿದವು. ಹನ್ನೆರಡೋ ಹದಿಮೂರೋ ಇದ್ದವು. ಅಷ್ಟೂ ತಲೆಗಳು ಪಡುವಣದಿಂದ ಮೂಡಣಕ್ಕೆ ನಿಧಾನವಾಗಿ, ಒಟ್ಟಿಗೇ ತಿರುಗಿದವು. ನೆಟ್ಟಗಿದ್ದ ಹೊಗೆ ನೆಲಕ್ಕೆ ಒತ್ತಿಕೊಂಡು ಚದುರಿತು. ಪದವಿನ ನಡುವೆ ಕೆಂಪು ದೂಳು ಗೆರೆ ಎಳೆದ ಹಾಗೆ ಏಳುತ್ತಾ ಹೋಗಿ, ಕೋರೆಗೆ ಇನ್ನೂ ದೂರವಿರುವಾಗಲೇ, ವಿಮಾನ ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿತು. ಅಪ್ಪ ತಲೆಯ ಮುಂಡಾಸು ತೆಗೆದು ಅಲ್ಲಿಗೆ ನಡೆದರು. ಬಲಗೈ ಮುಂದೆ ಚಾಚಿದರು. ಆ ಕೈ ಮೂರು ನಾಲ್ಕು ಸಲ ಮೇಲೆ ಕೆಳಗೆ ಆಡಿತು. ತಲೆ ಎತ್ತಿ ತಮಗಿಂತ ಎತ್ತರದವರ ಮಾತು ಕೇಳುವವರ ಹಾಗೆ ಹೂಂಗುಟ್ಟುತ್ತಾ ನಿಂತರು.

ಸ್ವಲ್ಪ ಹೊತ್ತಿನಲ್ಲಿ ದೂಳು ಬಂದ ದಾರಿಯಲ್ಲೇ ವಾಪಸು ಎದ್ದು ಹೋಯಿತು. ದನಗಳು ಮತ್ತೆ ಮೇಯತೊಡಗಿದವು. ಅಪ್ಪ ಗಾಳಿಚೀಲ ಇಳಿಸಿ, ಅಂಚು ಸೇರಿಸಿ ಮಡಚಿ ಕಂಕುಳಲ್ಲಿಟ್ಟುಕೊಂಡರು. ಗುಡ್ಡ ಇಳಿಯುವಾಗ, ನಾನು ತಪ್ಪೊಪ್ಪಿಕೊಳ್ಳಲು ಮಾತು ಹುಡುಕುತ್ತಿರುವಾಗ, ಅವರೇ ಹೇಳಿದರು:

"ಆ ಕಾಗದ ಕ್ಯಾಪ್ಟನ್‌ನವರು ಬರೆಸಿದ್ದಲ್ಲವಂತೆ ಮಗಾ. ಆದರೂ ಬಂದರು."

"ಮತ್ತೆ ಯಾರು ಬರೆದದ್ದಂತೆ ಅಪ್ಪಾ?" ಎಂದು ಕೇಳಿದೆ.

"ಅದನ್ನು ನಾನು ಕೇಳಲಿಲ್ಲ. ಕೇಳಿ ಎಂತ ಆಗಬೇಕು? ಬಂದರಲ್ಲ."

ಆ ದಿನದಿಂದ ಅಪ್ಪ ಸರಿಯಾದರು. ಮತ್ತೆ ಹನ್ನೆರಡು ವರ್ಷ ಬದುಕಿದರು. ಅವರ ಕಣ್ಣೆದುರೇ ಇಡೀ ಪದವು ಕೋರೆಯ ಹೊಂಡವಾಯಿತು, ಮಳೆಗಾಲದಲ್ಲಿ ನೀರು ತುಂಬಿತು. ಅವರು ಒಂದು ಮಾತೂ ಆಡಲಿಲ್ಲ. ನಾನೂ ಆ ಶನಿವಾರದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನನ್ನ ಕಾಗದದ ವಿಷಯವೂ ಬರುತ್ತಿತ್ತು.

ಬಿಸಿಲಿಗೆ ಪದವಿನಲ್ಲಿ ಸುಳಿಗಾಳಿ ಏಳುವುದುಂಟು, ನನಗೂ ಗೊತ್ತು. ಕಾಗದ ಸುಳ್ಳೆಂದು ಅಪ್ಪನಿಗೆ ಮೊದಲೇ ತಿಳಿದಿರಬಹುದು. ಓದುವಾಗ ನನ್ನ ಸ್ವರ ನಡುಗಿದ್ದಿರಬಹುದು. ಮಗಳ ಮಾನ ಉಳಿಸಲು ಬಿಸಿಲಿನಲ್ಲಿ ನಿಂತು ಬರಿಯ ಗಾಳಿಗೆ ಕೈ ಕೊಟ್ಟಿರಬಹುದು. ಅಂಥ ಮನುಷ್ಯ ಅವರು, ನೆನೆದರೆ ಈಗಲೂ ಅಳು ಬರುತ್ತದೆ. ಸರಿ, ಅಪ್ಪ ನಟಿಸಿದರು ಎಂದೇ ಇಟ್ಟುಕೊಳ್ಳೋಣ. ದನಗಳು ಯಾಕೆ ನಟಿಸಬೇಕು?