ಹತ್ತಿಕಾಳು ಮತ್ತು ಗಿರಿಜಕ್ಕನ ಹೆಣ್ಣುಕರು

ಗಿರಿಜಕ್ಕನ ಕರು ನೆಲ ಹಿಡಿದದ್ದು ನನ್ನ ಮಿಮಿಕ್ರಿಯಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2003ರಲ್ಲಿ ನಾನು ಕಾಪುವಿನ ಪಶು ಆಹಾರದ ಅಂಗಡಿಯೊಂದರಲ್ಲಿ ಮಾರಾಟಕ್ಕೆ ನಿಂತಿದ್ದೆ. ಮಾಲಿಕರ ಕೆಮ್ಮು, ಕಾರ್ಕಳದಿಂದ ಬರುತ್ತಿದ್ದ ಪಶುವೈದ್ಯರ ಮೂಗಿನ ದನಿ, ನಾನೇ ನಕ್ಕಾಗ ಹೊರಡುವ ಕುದುರೆಯಂಥ ಸದ್ದು, ಯಾವುದನ್ನೂ ಅನುಕರಿಸದೆ ಬಿಡುತ್ತಿರಲಿಲ್ಲ.

ಆ ವರ್ಷ ಮಾಲಿಕರು ಹಾವೇರಿಯಿಂದ ಒಂದು ಲಾರಿ ಹತ್ತಿಕಾಳು ತರಿಸಿದರು. ಅರಳೆ ಬಿಡಿಸಿದ ಮೇಲೆ ಉಳಿಯುವ ಬೀಜ ಇದು. ಮಿಲ್ಲಿನಲ್ಲಿ ಹಿಂಡಿದರೆ ಬರುವ ಎಣ್ಣೆ ಅಡುಗೆಗೂ ಸಾಬೂನಿಗೂ ಹೋಗುತ್ತದೆ, ಹಿಂಡಿ ದನಕ್ಕೆ. ಕಾಳನ್ನೇ ನೆನೆಸಿ ರುಬ್ಬಿ ಕೊಟ್ಟರೆ ಹಾಲು ದಪ್ಪಗಾಗುತ್ತದೆ. ತೆಂಗಿನ ಹಿಂಡಿ, ನೆಲಗಡಲೆ ಹಿಂಡಿ ಮಾತ್ರ ಕಂಡ ನಮ್ಮೂರಿಗೆ ಇದು ಹೊಸತು.

ಮೂಟೆ ಇಳಿಸುವ ಯಲ್ಲಪ್ಪ ಹಾವೇರಿ ಕಡೆಯವರೇ. ಕರುವಿಗೆ ಮಾತ್ರ ಕೊಡಬಾರದೆಂದು ಗಿರಾಕಿಗಳಿಗೆ ತಪ್ಪದೆ ತಿಳಿಸಲು ನನಗೆ ಹೇಳಿದರು. ತಿಳಿಸಿದೆ, ಅವರದೇ ದನಿಯಲ್ಲಿ, ಇಲ್ಲದ ಮೀಸೆ ತಿರುವುತ್ತಾ: "ಕರಕ್ಕ ಹಾಕಬ್ಯಾಡ್ರಿ ಯವ್ವಾ." ಮೀನು ಮಾರುವ ಗಿರಿಜಕ್ಕ ಬುಟ್ಟಿ ಕೆಳಗಿಟ್ಟು ನಕ್ಕರು, ಇನ್ನೊಮ್ಮೆ ಮಾಡಿಸಿದರು, ಹತ್ತಿಕಾಳು ಕೊಂಡು ಹೋದರು. ಎಚ್ಚರಿಕೆ ನಗೆಯಲ್ಲೇ ಕಳೆದುಹೋಯಿತು.

ನಮ್ಮಲ್ಲಿ ಅಕ್ಕಿ ತೊಳೆದ ನೀರಿಗೆ ತೌಡು, ಹಿಂಡಿ ಕಲಸಿದ ಅಕ್ಕಚ್ಚನ್ನು ದನಕ್ಕಿಟ್ಟು, ಅದು ಬಿಟ್ಟದ್ದನ್ನು ಕರುವಿಗೆ ಕುಡಿಸುವುದು ರೂಢಿ. ಒಂದೂವರೆ ತಿಂಗಳ ಬಳಿಕ ಗಿರಿಜಕ್ಕ ಬುಟ್ಟಿಯಿಲ್ಲದೆ ಬಂದರು.

"ಕರು ಏಳುವುದೇ ಇಲ್ಲ ಮಾರಾಯ. ಉಸಿರು ಎಳೆಯುತ್ತಾ ಉಂಟು. ಮೂರು ಗಂಡಾದ ಮೇಲೆ ಹುಟ್ಟಿದ ಹೆಣ್ಣು ಅದು."

ನಾನು ದೊಡ್ಡ ವೈದ್ಯನಂತೆ ಹುಳದ ಔಷಧಿ ಹುಡುಕತೊಡಗಿದೆ. ಯಲ್ಲಪ್ಪ ಮಾತ್ರ, ಕರು ಏನು ಕುಡಿಯುತ್ತದೆ ಎಂದು ಕೇಳಿ, ನನ್ನ ಸೈಕಲ್ಲಿನ ಹಿಂದೆ ಕುಳಿತೇಬಿಟ್ಟರು. ಹಟ್ಟಿಯಲ್ಲಿ ಕರುವಿನ ಪಾತ್ರೆಯ ತಳಕ್ಕೆ ಕೈಹಾಕಿ ಹತ್ತಿಕಾಳಿನ ಕಪ್ಪು ಸಿಪ್ಪೆ ಎತ್ತಿ ತೋರಿಸಿದರು. ಇನ್ನು ತಾಯಿಹಾಲು, ಹಸಿ ಹುಲ್ಲು ಮಾತ್ರ ಎಂದರು. ಆಮೇಲೆ ಬಂದ ಪಶುವೈದ್ಯರೂ ಅದನ್ನೇ ಹೇಳಿದರು: ಕಾಳಿನಲ್ಲಿ ಗಾಸಿಪಾಲ್ ಎಂಬ ವಿಷವಿದೆ, ಮಿತವಾಗಿ ಕೊಟ್ಟರೆ ಬೆಳೆದ ದನದ ಹೊಟ್ಟೆ ತಡೆದುಕೊಳ್ಳುತ್ತದೆ, ಎಳೆಗರುವಿನದು ತಡೆಯದು.

ಕರು ಎದ್ದು ನಿಲ್ಲಲು ಹನ್ನೊಂದು ದಿನ ಹಿಡಿಯಿತು. ಗಿರಿಜಕ್ಕ ನನ್ನನ್ನು ಬೈಯಲಿಲ್ಲ. ಮೀನಿನ ಮುಳ್ಳು ಬಿಡಿಸಲು ಬಾರದ ಯಲ್ಲಪ್ಪನವರಿಗೆ ಮಾತ್ರ ಒಳ್ಳೆಯ ಬಂಗುಡೆ ಮೀನು ಕಟ್ಟಿಕೊಟ್ಟರು. ನಾನು ನಗೆಪಾಟಲು ಮಾಡಿದ ಮನುಷ್ಯನೇ ನನ್ನ ತಪ್ಪನ್ನು ತಿದ್ದಿದ್ದರು. ಆ ಉಪಕಾರ ಮರೆಯುವಂಥದ್ದಲ್ಲ. ಮೂಟೆಗಳ ನಡುವೆ ಅವರ ಕೈ ಹಿಡಿದು ತಪ್ಪಾಯಿತೆಂದೆ, ಅಪರೂಪಕ್ಕೆ ನನ್ನದೇ ದನಿಯಲ್ಲಿ.

ಯಲ್ಲಪ್ಪ ಬೀಡಿ ಆರಿಸಿದರು. "ನನ್ನ ದನಿ ಭಾಳ ಚಲೋ ತಗೀತಿ ತಮ್ಮಾ. ಇನ್ನ ಮ್ಯಾಲೆ ಮಾತೂ ಒಂದೀಟು ಕೇಳು."